ನಿಯಮಕ್ಕೇ ಧೂಳು ಹಿಡಿದಿದೆ!

ಹೆಬ್ಬಾಳದಲ್ಲಿ ಬಸ್ಸಿಗೆ ಕಾಯುವವರು ಮುಖಕ್ಕೆ ಪೌಡರ್ ಹಾಕಿಕೊಳ್ಳಬೇಕಿಲ್ಲ. ಪುಕ್ಕಟೆ ಬಳಿಯುವ ಏರ್ಪಾಡು ರಸ್ತೆಯಲ್ಲೇ ಇದೆ! ಯಲಹಂಕದ ಅಂಗಡಿಯವರಿಗೆ ಬಾಗಿಲು ತೆಗೆದ ಕೂಡಲೇ ಬೋಣಿ ಅಲ್ಲ, ಒರೆಸೋ ಕೆಲಸ. ಮಧ್ಯಾಹ್ನಕ್ಕೆ ನೋಡಿ, ಬಿಸ್ಕತ್ ಡಬ್ಬಿಯ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು.

ಕಾರಣ ಎಲ್ಲರಿಗೂ ಗೊತ್ತು. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಮಗ್ಗುಲಲ್ಲಿ ಕಟ್ಟಡ ಏಳುವುದು ನಿಂತಿಲ್ಲ. ವಿಮಾನ ನಿಲ್ದಾಣದ ಮೆಟ್ರೋಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಹೆಬ್ಬಾಳ, ಯಶವಂತಪುರ ಮುಟ್ಟುವ ಉಪನಗರ ರೈಲಿಗೆ 2022ರಲ್ಲಿ ಶಂಕುಸ್ಥಾಪನೆಯಾಯಿತು. ಹೆಬ್ಬಾಳ ಮೇಲ್ಸೇತುವೆಗೆ 2025ರಲ್ಲಿ ಹೊಸ ಲೂಪ್ ಬಂತು. ಇವೆಲ್ಲ ಬೇಡ ಅನ್ನೋರು ಯಾರೂ ಇಲ್ಲ ಸ್ವಾಮಿ. ಬೇಡ ಅನ್ನೋದು ಧೂಳನ್ನು ಮಾತ್ರ.

ಕಾನೂನು ಏನನ್ನುತ್ತೆ?

ಧೂಳಿಗೆ ಕಾನೂನೇ ಇಲ್ಲವೇ? ಇದೆ. ಗಾಳಿಯಲ್ಲಿ ಧೂಳಿನ ಕಣ ಮಿತಿ ಮೀರಿದ ಊರುಗಳಿಗಾಗಿ ಕೇಂದ್ರ ಸರ್ಕಾರ 2018ರ ಜನವರಿಯಲ್ಲೇ ನಿಯಮ ಹೊರಡಿಸಿದೆ. ಹಾಗೆ ಮಿತಿ ಮೀರಿದ ಊರುಗಳ ಪಟ್ಟಿಗೆ ಬೆಂಗಳೂರೂ ಸೇರಿದೆ.

ದೊಡ್ಡ ಕಟ್ಟಡಕ್ಕೆ ಅದರ ಎತ್ತರದ ಮೂರನೇ ಒಂದು ಭಾಗದಷ್ಟು, ಹೆಚ್ಚೆಂದರೆ 10 ಮೀಟರ್, ಗಾಳಿತಡೆ ಕಟ್ಟಬೇಕು. ನೀರು ಚಿಮುಕಿಸಬೇಕು. ಮಣ್ಣು, ಮರಳು ಮುಚ್ಚಿರಬೇಕು. ಧೂಳು ತಡೆಯಲು ಏನೇನು ಮಾಡಿದ್ದೇವೆಂದು ಜನಕ್ಕೆ ಕಾಣುವಂತೆ ಬೋರ್ಡು ಹಾಕಬೇಕು. ಇನ್ನು ಕಟ್ಟಡ ದೊಡ್ಡದಿರಲಿ ಚಿಕ್ಕದಿರಲಿ, ಬಯಲಲ್ಲಿ ಕಲ್ಲು, ಟೈಲ್ಸ್ ಕುಯ್ಯುವಂತಿಲ್ಲ. ಟಾರ್ಪಾಲು ಹೊದಿಸದೆ ಲಾರಿ ಓಡಿಸುವಂತಿಲ್ಲ. ರಸ್ತೆ ಬದಿಯಲ್ಲಿ ಸಾಮಾನು ಸುರಿಯುವಂತಿಲ್ಲ.

ಆರ್.ಟಿ. ನಗರದಲ್ಲಿ ಮನೆ ಮೇಲೆ ಮನೆ ಎತ್ತಿಸುವವರೂ ಈ ಕೊನೆಯ ಮಾತು ಕೇಳಿಸಿಕೊಳ್ಳಲಿ. ಜಲ್ಲಿ, ಎಂ-ಸ್ಯಾಂಡ್ ರಾಶಿಗೆ ಫುಟ್‌ಪಾತು ಯಾರಪ್ಪನ ಗೋದಾಮೂ ಅಲ್ಲ.

ಮೊದಲು ಕುಡಿಯುವವನು ಕೂಲಿ

ಗಿರಾಕಿ ಕೆಮ್ಮಿ ಮನೆಗೆ ಹೋಗುತ್ತಾನೆ. ಗ್ರಾನೈಟ್ ಕುಯ್ಯುವ ಕೂಲಿ ದಿನವಿಡೀ ಅದರೊಳಗೇ ನಿಂತಿರುತ್ತಾನೆ. ಒಣಗಲ್ಲು ಕುಯ್ದಾಗ ಹಾರುವ ಸಿಲಿಕಾ ಪುಡಿ ವರ್ಷಗಟ್ಟಲೆ ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಬರುತ್ತೆ. ಬಂದರೆ ವಾಸಿಯಾಗದ ರೋಗ. ಕುಯ್ಯುವ ಜಾಗಕ್ಕೆ ನೀರು ಬಿಟ್ಟರೆ ಪುಡಿ ಮೇಲೇಳುವುದು ಎಷ್ಟೋ ಕಮ್ಮಿಯಾಗುತ್ತೆ. ಖರ್ಚೇನು? ಒಂದು ಪೈಪು, ಒಂದಿಷ್ಟು ನೀರು.

ಕುಡಿಯೋಕೇ ನೀರಿಲ್ಲ, ಧೂಳಿಗೆಲ್ಲಿ ತರೋಣ ಎಂಬ ಸಬೂಬು ರೆಡಿ ಇದೆ. ಇದು ನಡೆಯೋ ಮಾತಲ್ಲ. 2024ರ ಬರದಲ್ಲಿ ಜಲಮಂಡಳಿ ಕಟ್ಟಡಕ್ಕೆ ಕುಡಿಯುವ ನೀರು ಬಳಸಕೂಡದು, ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಸಂಸ್ಕರಿಸಿದ ಕೊಳಚೆ ನೀರು ಬಳಸಿ ಎಂದಿತು. ಹೆಬ್ಬಾಳದಲ್ಲಿ ಶುದ್ಧಿಯಾದ ನೀರು ಚಿಕ್ಕಬಳ್ಳಾಪುರದ ಕೆರೆಗಳಿಗೇ ಪೈಪಿನಲ್ಲಿ ಹೋಗುತ್ತಿದೆ. ಅಷ್ಟು ದೂರ ಹೋಗುವ ನೀರು ಪಕ್ಕದ ಸೈಟಿಗೆ ಟ್ಯಾಂಕರಿನಲ್ಲಿ ಬರಲಾರದೇ?

2025ರ ಸೆಪ್ಟೆಂಬರಿನಲ್ಲಿ ಇದ್ದೊಂದು ಪಾಲಿಕೆ ಐದಾಯಿತು. ಕಮಿಷನರುಗಳೂ ಐವರಾದರು. ಮಾಲಿನ್ಯ ನಿಯಂತ್ರಣ ಮಂಡಳಿಯಂತೂ ಮೊದಲಿಂದ ಇದ್ದೇ ಇದೆ. ಕೇಳೋಕೆ ಈಗ ಬಾಗಿಲು ಕಮ್ಮಿಯಿಲ್ಲ.

ಓದುಗರು ಒಂದು ಕೆಲಸ ಮಾಡಿ. ನಾಳೆ ಬಸ್ಸಿಳಿದಾಗ ಪಕ್ಕದ ದೊಡ್ಡ ಸೈಟಿನ ಗೇಟು ನೋಡಿ. ಫ್ಲ್ಯಾಟ್ ಬೆಲೆಯ ಬೋರ್ಡು ಖಂಡಿತ ಇರುತ್ತೆ. ಧೂಳಿನ ಬೋರ್ಡು ಇದೆಯೇ? ಇಲ್ಲದಿದ್ದರೆ ಒಂದು ಫೋಟೋ ತೆಗೆದು, ನಾಲ್ಕು ಅಂಗಡಿಯವರ ಸಹಿ ಹಾಕಿಸಿ, ಪಾಲಿಕೆಗೂ ಮಂಡಳಿಗೂ ಅರ್ಜಿ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳೋದು ಮರೆಯಬೇಡಿ. ಇಲ್ಲವಾದರೆ ಅರ್ಜಿಗೂ ಧೂಳು ಹಿಡಿದೀತು!