ಕಾರವಾರದ ಮಳೆಗೆ ಸ್ವೆಟರ್ ಬೇಡ, ಬೇಗ ಒಣಗುವ ಬಟ್ಟೆ ಬೇಕು

ಮೀನಿನ ವ್ಯಾಪಾರಕ್ಕೆ, ಕಟ್ಟಡದ ಕೆಲಸಕ್ಕೆ, ಮೆಡಿಕಲ್ ಕಾಲೇಜಿನ ಓದಿಗೆ ಎಂದು ನಮ್ಮ ಕಡೆಯಿಂದ ಕಾರವಾರ, ಅಂಕೋಲಾಕ್ಕೆ ಹೋಗಿ ಇರುವವರಿದ್ದಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಇದ್ದಾರೆ. ಮಳೆ ಹಿಡಿಯುವ ಮೊದಲು ಮನೆಯಲ್ಲಿ ಬ್ಯಾಗು ತುಂಬಿಸುವಾಗ ಉಮ್ಮನ ಮಾತು ಒಂದೇ: "ಒಂದು ಸ್ವೆಟರ್ ಇಟ್ಕೋ, ಅಲ್ಲಿ ಮಳೆ ಜೋರು." ಪ್ರೀತಿಯ ಮಾತೇ. ಆದರೆ ಆ ಸ್ವೆಟರ್ ಬ್ಯಾಗಿನ ತಳದಲ್ಲೇ ಉಳಿದು, ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದು ಮನೆಗೆ ವಾಪಸ್ ಬರುತ್ತದೆ.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆದರೆ ಜುಲೈ ತಿಂಗಳಲ್ಲೂ ಹಗಲಿನ ಉಷ್ಣತೆ 28, 29 ಡಿಗ್ರಿ, ರಾತ್ರಿ 23, 24. ಇದು ಚಳಿಯಲ್ಲ. ಅಲ್ಲಿ ಮನುಷ್ಯನನ್ನು ಕಾಡುವುದು ಒದ್ದೆ. ಬೆಳಿಗ್ಗೆ ಒದ್ದೆಯಾದ ಬಟ್ಟೆ ಸಂಜೆಯಾದರೂ ಮೈಮೇಲೇ ಇದ್ದರೆ, ತೊಳೆದು ಹಾಕಿದ್ದು ಮೂರನೇ ದಿನಕ್ಕೂ ಒಣಗದಿದ್ದರೆ, ಮೈ ಕೆಡುವುದು ಅಲ್ಲಿಂದಲೇ. ಆದ್ದರಿಂದ ಬಟ್ಟೆ ಕೊಳ್ಳುವಾಗ ಕೇಳಬೇಕಾದ್ದು "ಇದು ಬೆಚ್ಚಗಿದೆಯಾ" ಎಂದಲ್ಲ, "ಇದು ಎಷ್ಟು ಬೇಗ ಒಣಗುತ್ತದೆ" ಎಂದು. ಮಂಗಳೂರು, ಉಳ್ಳಾಲ, ಬಂಟ್ವಾಳದ ಮನೆಗಳಿಗೂ ಇದೇ ಲೆಕ್ಕ. ನಮ್ಮ ಮಳೆಯೇನೂ ಬೇರೆ ಜಾತಿಯದಲ್ಲ.

ಅಲ್ಲಿನವರನ್ನು ನೋಡಿ

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಲು ಬರಿಗಾಲಲ್ಲಿ ನಡೆದು ಹೋದ ಚಿತ್ರ ಎಲ್ಲರಿಗೂ ನೆನಪಿರಬಹುದು. ಅವರು ಉಟ್ಟಿದ್ದು ಹಾಲಕ್ಕಿ ಒಕ್ಕಲಿಗ ಹೆಂಗಸರ ಸೀರೆ, ಕೊರಳ ತುಂಬ ಮಣಿಸರ. ದೆಹಲಿಯ ಕಣ್ಣಿಗೆ ಅದು ಸಂಪ್ರದಾಯದ ಉಡುಗೆ. ಅಂಕೋಲಾದಲ್ಲಿ ಅದು ಗದ್ದೆಗೆ, ಕಾಡಿಗೆ ಇಳಿಯುವ ಕೆಲಸದ ಬಟ್ಟೆ. ತೋಳು ಬಿಡುವಾಗಿರುತ್ತದೆ, ಅಂಚು ಕೆಸರಿಗಿಂತ ಮೇಲಿರುತ್ತದೆ. ಕಾರವಾರದ ಮೀನು ಮಾರುವ ಹೆಂಗಸರು ಸೀರೆ ಎತ್ತಿ ಸಿಕ್ಕಿಸಿಕೊಳ್ಳುವುದೂ ಇದೇ ಕಾರಣಕ್ಕೆ.

ರೈನ್‌ಕೋಟ್ ಬರುವ ಮೊದಲು ಉತ್ತರ ಕನ್ನಡದ ಗದ್ದೆಗಳಲ್ಲಿ ಇದ್ದದ್ದು ಗೊರಬು ಮತ್ತು ಕಂಬಳಿ ಕೊಪ್ಪೆ. ಬಿದಿರಿನ ಕಡ್ಡಿ, ಒಣ ಎಲೆ ಸೇರಿಸಿ ಮಾಡಿದ ಗೊರಬು ತಲೆಯಿಂದ ಬೆನ್ನಿನವರೆಗೆ ಮುಚ್ಚುತ್ತದೆ. ಬಗ್ಗಿ ನಾಟಿ ಮಾಡುವವರಿಗೆ ಎರಡೂ ಕೈ ಖಾಲಿ ಸಿಗುತ್ತದೆ. ಕಂಬಳಿಯ ಗುಟ್ಟು ಬೇರೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿಕೊಂಡರೂ ಮೈಗೆ ಒದ್ದೆ ಎನಿಸುವುದಿಲ್ಲ. ನಮ್ಮ ಹತ್ತಿ ಜೀನ್ಸ್ ಇದಕ್ಕೆ ಪೂರಾ ಉಲ್ಟಾ. ನೀರು ಕುಡಿದು ಭಾರವಾಗಿ ಮೈಗೆ ಅಂಟಿಕೊಂಡರೆ ಬಿಡುವುದೇ ಇಲ್ಲ.

ನಮ್ಮ ತುಣಿ, ಕುಪ್ಪಾಯ

ನಮ್ಮ ಹಿರಿಯರ ಉಡುಗೆಯಲ್ಲೂ ಒಂದು ಅನುಕೂಲವಿತ್ತು. ಬ್ಯಾರಿ ಹೆಂಗಸರದು ಮೂರು ತುಂಡು: ಸೊಂಟಕ್ಕೆ ತುಣಿ, ಮೇಲೆ ಉದ್ದ ತೋಳಿನ ಕುಪ್ಪಾಯ, ತಲೆಗೆ ಎಲಸರ. ಹೊರಗೆ ಹೋಗುವಾಗ ಮೇಲಿಂದ ವಲ್ಲಿ. ಗಂಡಸರಿಗೆ ಬಿಳಿ ಮುಂಡು, ತುಂಬು ತೋಳಿನ ಅಂಗಿ, ತಲೆಗೆ ಮುಂಡಾಸು. ಎಲ್ಲವೂ ಬಿಡಿ ಬಿಡಿ. ಒದ್ದೆಯಾದ ತುಂಡನ್ನು ಮಾತ್ರ ಬದಲಾಯಿಸಿದರೆ ಸಾಕಿತ್ತು. ಮುಂಡನ್ನು ಮಡಚಿ ಮೊಣಕಾಲಿಗೆ ಕಟ್ಟಿದರೆ ಹೊಳೆ ದಾಟಬಹುದು, ಬಿಚ್ಚಿ ಬಿಟ್ಟರೆ ಮಸೀದಿಗೆ ಹೋಗಬಹುದು. ತೆಳು ಬಟ್ಟೆಯಾದ್ದರಿಂದ ಒಂದು ರಾತ್ರಿ ಫ್ಯಾನಿನ ಕೆಳಗೆ ಒಣಗುತ್ತದೆ.

ಹಳೆಯ ಉಡುಗೆಗೆ ವಾಪಸ್ ಹೋಗಿ ಎಂದು ಹೇಳುತ್ತಿಲ್ಲ. ಆದರೆ ಆ ಬುದ್ಧಿಯನ್ನು ಇಂದಿನ ಬಟ್ಟೆಗೂ ತರಬಹುದು. ಮಳೆಗಾಲಕ್ಕೆ ಹೊಸ ಬುರ್ಖಾ ಹೊಲಿಸುವುದಾದರೆ ಅಂಚು ನೆಲ ಗುಡಿಸದ ಹಾಗೆ, ಹಿಮ್ಮಡಿಯಿಂದ ಎರಡು ಇಂಚು ಮೇಲಿರಲಿ. ಒಳಗೆ ಪೈಜಾಮ ಇದ್ದೇ ಇರುತ್ತದಲ್ಲ. ಮುಂದೆ ಟಿಚ್ ಬಟನ್ ಇದ್ದರೆ ಒದ್ದೆಯಾದದ್ದನ್ನು ತಲೆಯ ಮೇಲಿಂದ ಎಳೆಯುವ ಕಷ್ಟವಿಲ್ಲ. ನಿದಾದಂಥ ನಯವಾದ ಪಾಲಿಯೆಸ್ಟರ್ ಬಟ್ಟೆ ಕೊಡವಿದರೆ ಅರ್ಧ ನೀರು ಬಿಡುತ್ತದೆ. ಬೆವರು ಹೀರುವುದಿಲ್ಲ ಎಂಬುದು ಅದರ ದೋಷ. ಅದಕ್ಕೆ ಒಳಗಿನ ಬಟ್ಟೆ ತೆಳು ಹತ್ತಿಯದಿರಲಿ. ಶಾಲೆಯ ಮಕ್ಕಳಿಗೆ ಎರಡು ಜೊತೆ ಯೂನಿಫಾರ್ಮ್ ಮಳೆಗಾಲದಲ್ಲಿ ಸಾಲದು. ಮೂರನೆಯದಕ್ಕೆ ಹಾಕುವ ದುಡ್ಡು, ಜ್ವರದ ಔಷಧಿಯ ದುಡ್ಡಿಗಿಂತ ಕಡಿಮೆಯೇ.

ಸ್ಕೂಟರಿನಲ್ಲಿ ಎಚ್ಚರ

ಇದು ಜೀವದ ಮಾತು. ಬೈಕಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕುಳಿತಾಗ ಬುರ್ಖಾದ ತುದಿ, ಶಾಲಿನ ಸೆರಗು ಚಕ್ರಕ್ಕೆ ಸಿಕ್ಕಿದರೆ ಕ್ಷಣದಲ್ಲಿ ಎಳೆದು ಬೀಳಿಸುತ್ತದೆ. ಇದಕ್ಕಾಗಿಯೇ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೇ ನಿಯಮದಲ್ಲಿ ಹಿಂದಿನ ಸವಾರರಿಗೆ ಹಿಡಿಕೆ, ಕಾಲಿಡಲು ಜಾಗ ಮತ್ತು ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗ ಮುಚ್ಚುವ ರಕ್ಷಣೆ ಇರಬೇಕೆಂದು ಹೇಳಿದೆ. ನಾವು ಅದನ್ನು ಸೀರೆ ಗಾರ್ಡ್ ಎನ್ನುತ್ತೇವೆ. "ಬೈಕ್ ಚಂದ ಕಾಣೋದಿಲ್ಲ" ಎಂದು ಅದನ್ನು ಬಿಚ್ಚಿಸಿ ಇಡುವ ಹುಡುಗರಿದ್ದಾರೆ. ಮನೆಯ ಹಿರಿಯರು ಮಳೆಗಾಲಕ್ಕೆ ಮೊದಲು ಒಮ್ಮೆ ಬಗ್ಗಿ ನೋಡಿ.

ಬೀಸಣಿಗೆಯಂತೆ ಹಾರಾಡುವ ಅಗಲ ಮಳೆಕೋಟು ಬೈಕಿಗೆ ಆಗದು. ಬುರ್ಖಾದ ಮೇಲೆ ಹಾಕಲು ಮುಂದೆ ಜಿಪ್ ಇರುವ, ಮೊಣಕಾಲಿನ ಕೆಳಗಿನವರೆಗಿನ ಉದ್ದ ಕೋಟು ಒಳ್ಳೆಯದು. ಕುಳಿತ ಮೇಲೆ ತುದಿಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳಿ. ಚಲಿಸುವ ಬೈಕಿನಲ್ಲಿ ಕೊಡೆ ಬಿಡಿಸುವುದಂತೂ ಬೇಡವೇ ಬೇಡ. ಗಾಳಿ ಕೊಡೆಯನ್ನು ಎಳೆದರೆ ಹಿಡಿದವರೂ ಅದರ ಜೊತೆಗೇ ಹೋಗುತ್ತಾರೆ.

ಇನ್ನೊಂದು ಸಂಗತಿ ಬಣ್ಣ. ಸಂಜೆ ಆರೂವರೆಗೆ ಮೋಡ ಕವಿದಾಗ ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ಕಪ್ಪು ಬುರ್ಖಾ, ಕಪ್ಪು ಕೊಡೆ ಹಿಡಿದು ನಡೆಯುವವರು ಲಾರಿ ಚಾಲಕನಿಗೆ ಕಾಣುವುದೇ ಇಲ್ಲ. ಹಳದಿ ಅಥವಾ ಕಿತ್ತಳೆ ಬಣ್ಣದ ಕೋಟು ತೆಗೆದುಕೊಳ್ಳಿ. ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ, ಮಕ್ಕಳ ಬ್ಯಾಗಿಗೂ ಅಂಟಿಸಿ.

ಕಾಲು ಮತ್ತು ಚರ್ಮ

ಹವಾಯಿ ಚಪ್ಪಲಿ ಕೆಸರನ್ನು ಬೆನ್ನಿನವರೆಗೆ ಹಾರಿಸುತ್ತದೆ, ಪಾಚಿಯ ಮೇಲೆ ಜಾರುತ್ತದೆ. ಚರ್ಮದ ಶೂ ಒಳಗೆ ನೀರು ನಿಂತರೆ ಬೆರಳ ಸಂದಿ ಕೊಳೆಯುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ, ತಳ ಗಟ್ಟಿಯಾಗಿ ಹಿಡಿಯುವ ರಬ್ಬರ್ ಸ್ಯಾಂಡಲ್ ದಿನದ ಓಡಾಟಕ್ಕೆ ಸಾಕು. ತೋಟ, ಗದ್ದೆ, ಮೀನಿನ ಕೆಲಸಕ್ಕೆ ಗಂಬೂಟು. ಕಾಲಿನಲ್ಲಿ ಗಾಯವಿದ್ದರೆ ನಿಂತ ನೀರಿಗೆ ಬರಿಗಾಲಲ್ಲಿ ಇಳಿಯಬೇಡಿ. ಇಲಿಯ ಮೂತ್ರ ಸೇರಿದ ನೀರಿನಿಂದ ಬರುವ ಇಲಿ ಜ್ವರ ಗಾಯದ ಮೂಲಕ ಮೈ ಸೇರುತ್ತದೆ. ಮಳೆಗಾಲದಲ್ಲಿ ಮೈಕೈ ನೋವಿನ ಜ್ವರ ಬಂದರೆ ನೀರಿನಲ್ಲಿ ನಡೆದದ್ದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ.

ಅರೆ ಒಣಗಿದ ಒಳಬಟ್ಟೆ ಹಾಕಿದರೆ ತೊಡೆಸಂದಿಯಲ್ಲಿ ಹುಳುಕಡ್ಡಿ ಏಳುತ್ತದೆ. ನಾಚಿಕೆಯಿಂದ ಯಾರಿಗೂ ಹೇಳದೆ, ಮೆಡಿಕಲ್‌ನಲ್ಲಿ ಕೇಳಿ ಒಂದು ಕ್ರೀಮ್ ತಂದು ಹಚ್ಚುವುದು ನಮ್ಮಲ್ಲಿ ಸಾಮಾನ್ಯ. ಹಾಗೆ ಸಿಗುವ ಎಷ್ಟೋ ಕ್ರೀಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಎರಡು ದಿನ ತುರಿಕೆ ನಿಲ್ಲುತ್ತದೆ, ಆಮೇಲೆ ಹುಳುಕಡ್ಡಿ ಹರಡಿಕೊಳ್ಳುತ್ತದೆ. ಚರ್ಮದ ಡಾಕ್ಟರನ್ನೇ ಕಾಣಿ. ಟವೆಲ್ ಒಬ್ಬೊಬ್ಬರಿಗೆ ಒಂದೊಂದು ಇರಲಿ. ಒಳಬಟ್ಟೆಯ ಹೊಲಿಗೆಯ ಮೇಲೆ ಬಿಸಿ ಇಸ್ತ್ರಿ ಒತ್ತಿ.

ಒಣಗಿಸುವ ಉಪಾಯ

ಸಮುದ್ರದ ಹತ್ತಿರದ ಮನೆಗಳಲ್ಲಿ ಬಟ್ಟೆ ಒಣಗಿದಂತೆ ಕಂಡರೂ ಮತ್ತೆ ಹಸಿಯಾಗುತ್ತದೆ. ಕಾರಣ ಉಪ್ಪು. ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ನೀರು ಹೀರಲು ಶುರುಮಾಡುತ್ತದೆ. ಅಡುಗೆಮನೆಯ ಉಪ್ಪಿನ ಭರಣಿ ಮಳೆಗಾಲದಲ್ಲಿ ನೀರು ಬಿಡುವುದು ಇದಕ್ಕೇ. ಬೆವರಿನಲ್ಲಿಯೂ ಉಪ್ಪೇ ಇರುವುದು. ಕೊನೆಯ ಸಲ ಸಿಹಿ ನೀರಿನಲ್ಲಿ ಚೆನ್ನಾಗಿ ಜಾಲಿಸಿದರೆ ಅರ್ಧ ಸಮಸ್ಯೆ ಮುಗಿಯಿತು.

ಹಿಂದೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದರು. ಹೊಗೆ ವಾಸನೆ ಇದ್ದರೂ ಬೂಷ್ಟು ಬರುತ್ತಿರಲಿಲ್ಲ. ಈಗ ಗೀಸರ್ ಬಂದು ಒಲೆ ಹೋಯಿತು. ಬಾಡಿಗೆ ರೂಮಿನಲ್ಲಿ ಇರುವವರು ಹಗ್ಗವನ್ನು ಗೋಡೆಯ ಪಕ್ಕದಲ್ಲಿ ಕಟ್ಟದೆ ಫ್ಯಾನಿನ ಕೆಳಗೆ ಕಟ್ಟಿ, ಬಟ್ಟೆಗಳ ನಡುವೆ ಒಂದು ಗೇಣು ಜಾಗ ಬಿಡಿ. ಹಿಂಡಿದ ಬಟ್ಟೆಯನ್ನು ಒಣ ಟವೆಲಿನಲ್ಲಿ ಸುತ್ತಿ ಇನ್ನೊಮ್ಮೆ ಒತ್ತಿದರೆ ಬೇಗ ಒಣಗುತ್ತದೆ.

ದಾರಿಯ ಚೀಲ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ರಸ್ತೆ ಬದಿಯ ಚಹಾದಂಗಡಿ, ನಿಂತಿದ್ದ ವಾಹನಗಳು ಗಂಗಾವಳಿ ನದಿಯ ಪಾಲಾದವು. ಜೀವಗಳು ಹೋದವು. ಆ ಮೇಲೆ ಜೋರು ಮಳೆಯಲ್ಲಿ ಈ ದಾರಿ ಹಿಡಿಯುವವರು ಗುಡ್ಡ ಕಡಿದ ಜಾಗದ ಕೆಳಗೆ ಗಾಡಿ ನಿಲ್ಲಿಸಿ ರೈನ್‌ಕೋಟ್ ಹಾಕಿಕೊಳ್ಳುವ ಅಭ್ಯಾಸ ಬಿಡಬೇಕು. ಮೋಡ ಕಂಡರೆ ಮನೆಯಿಂದಲೇ ಹಾಕಿ ಹೊರಡಿ. ರೈಲಿನಲ್ಲಿ ಹೋಗುವುದಾದರೂ ಕೊಂಕಣ ರೈಲ್ವೆ ಮಳೆಗಾಲದಲ್ಲಿ ಬೇರೆ ವೇಳಾಪಟ್ಟಿಯಲ್ಲಿ, ವೇಗ ತಗ್ಗಿಸಿ ಓಡುತ್ತದೆ. ದಾರಿಯಲ್ಲಿ ಗಂಟೆಗಟ್ಟಲೆ ಕಾಯಬೇಕಾಗಿ ಬಂದರೆ ಒದ್ದೆ ಬಟ್ಟೆಯಲ್ಲಿ ಪುಟ್ಟ ಮಕ್ಕಳು, ವಯಸ್ಸಾದವರು ನಡುಗುತ್ತಾರೆ.

ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಇಷ್ಟು ಇಟ್ಟುಕೊಳ್ಳಿ: ಒಬ್ಬೊಬ್ಬರಿಗೆ ಒಂದು ಜೊತೆ ಒಣ ಬಟ್ಟೆ, ನಮಾಝಿಗೆ ಶುಚಿಯಾದ ಒಂದು ಮುಂಡು ಅಥವಾ ಮಕ್ನಾ, ತೆಳು ಟವೆಲ್, ಒದ್ದೆ ಬಟ್ಟೆ ಹಾಕಲು ಇನ್ನೊಂದು ಖಾಲಿ ಚೀಲ. ಸ್ವೆಟರ್ ಇಡುವ ಜಾಗದಲ್ಲಿ ಇದು ಆರಾಮಾಗಿ ಹಿಡಿಯುತ್ತದೆ.