ಅವಮೌದರ್ಯ: ಒಂದು ತುತ್ತು ಕಡಿಮೆ

ದೇಹಭಾರ ತಗ್ಗಿಸಲೆಂದು ಅನ್ನ, ರಾಗಿ, ಆಲೂಗಡ್ಡೆಗಳನ್ನು ಒಟ್ಟಿಗೇ ತೊರೆಯುವವರು ಇಂದು ಅನೇಕರು. ಜೈನಧರ್ಮವು ಧಾನ್ಯವನ್ನೂ ಗೆಡ್ಡೆಯನ್ನೂ ಬೇರೆಬೇರೆಯಾಗಿ ಕಾಣುತ್ತದೆ. ಗೆಡ್ಡೆ ಅನಂತ ಜೀವಗಳ ನೆಲೆ. ಆದ್ದರಿಂದ ಅದು ವರ್ಜ್ಯ. ಇಲ್ಲಿ ಕಾರಣ ಅಹಿಂಸೆಯೇ ಹೊರತು ಪಿಷ್ಟವಲ್ಲ. ಧಾನ್ಯಕ್ಕೆ ಅಂತಹ ನಿಷೇಧವಿಲ್ಲ, ಬೇಕಾದುದು ಮಿತಿ.

ಆರು ಬಾಹ್ಯತಪಗಳಲ್ಲಿ ಎರಡನೆಯದಾದ ಅವಮೌದರ್ಯ ಈ ಮಿತಿಯನ್ನೇ ಕಲಿಸುತ್ತದೆ. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28 ಎಂಬುದು ಶಾಸ್ತ್ರದ ಎಣಿಕೆ. ಅದರಲ್ಲಿ ಒಂದೇ ತುತ್ತು ಕಡಿಮೆ ಉಂಡರೂ ತಪಸ್ಸೇ. ಉಪವಾಸಕ್ಕಿಂತ ಇದು ಸುಲಭವೆಂದು ತೋರೀತು. ಆದರೆ ಎಲೆಯ ಮುಂದೆ ಕುಳಿತು, ರುಚಿ ನಾಲಿಗೆಯಲ್ಲಿರುವಾಗಲೇ ಕೈ ತೊಳೆಯುವುದು ಕಠಿಣ.

ನಿದ್ರೆ, ಆಲಸ್ಯಗಳು ತಗ್ಗಿ ಮನಸ್ಸು ಸ್ವಾಧ್ಯಾಯ, ಧ್ಯಾನಗಳಿಗೆ ಅಣಿಯಾಗುವುದೇ ಇದರ ಫಲ. ದೇಹ ಕೃಶವಾಗುತ್ತ ಮಾನ, ಲೋಭಗಳೆಂಬ ಕಷಾಯಗಳು ಪುಷ್ಟವಾದರೆ ಆ ಮಿತಾಹಾರ ತಪಸ್ಸೆನಿಸದು.