ಅಜ್ಜನ ರಿಕಾರ್ಡಿಗೆ ಒಗ್ಗುವ ಮುಳ್ಳು

ಕಳೆದ ಶ್ರಾವಣದಲ್ಲಿ ಪುಣೆಯಿಂದ ನನ್ನ ಅಕ್ಕನ ಮಗ ಲೋಣಾವಳಾಕ್ಕೆ ಬಂದಿದ್ದ. ಹೊರಗೆ ಜಡಿಮಳೆ, ಒಳಗೆ ಒಗ್ಗರಣೆ ಚುರಮುರಿ, ಬಿಸಿ ಚಹಾ. ಹುಡುಗ ಎರಡು ವರ್ಷ ಹಣ ಕೂಡಿಸಿ ದೊಡ್ಡ ದರ್ಜೆಯ ಟರ್ನ್‌ಟೇಬಲ್ ಕೊಂಡಿದ್ದ. ಆದರೆ ಅದಕ್ಕೆ ತೋಳೂ ಇಲ್ಲ, ಮುಳ್ಳೂ ಇಲ್ಲ! ಅಂಥ ಯಂತ್ರಗಳಿಗೆ ಟೋನ್‌ಆರ್ಮ್ ಮತ್ತು ಕಾರ್ಟ್ರಿಜ್ ಅನ್ನು ಅನೇಕ ಸಲ ನಾವೇ ಬೇರೆಯಾಗಿ ಆರಿಸಿಕೊಳ್ಳಬೇಕಾಗುತ್ತದೆ.

"ಮೌಶಿ, ಎಲ್ಲಾಕ್ಕಿಂತ ತುಟ್ಟೀದು ತೊಗೊಂಡ್ರ ಆತಲ್ಲ?" ಎಂದ.

"ಮೊದ್ಲ ಟ್ರಂಕ್ ತಗದು ನೋಡಪಾ" ಎಂದೆ.

ಹುಬ್ಬಳ್ಳಿಯ ತವರುಮನೆಯಿಂದ ಬಂದ ಆ ಟ್ರಂಕಿನಲ್ಲಿ ನನ್ನ ತಂದೆಯವರ ಎಲ್‌ಪಿಗಳಿವೆ. ಅಜ್ಜನ ಕಾಲದ 78 ವೇಗದ ರಿಕಾರ್ಡುಗಳೂ ಇವೆ. ಅವುಗಳಲ್ಲಿ ಒಂದು ಗಂಗೂಬಾಯಿ ಹಾನಗಲ್ ಅವರದು, 1930ರ ದಶಕದ್ದು. ನೀವೆಲ್ಲ ಕೇಳಿರುವ ಅವರ ಗಂಡುದನಿ ಬಂದದ್ದು ಮುಂದೆ, ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ. ಅದಕ್ಕೂ ಮೊದಲಿನ ತೆಳುವಾದ, ಎತ್ತರದ ಕಂಠ ಇಂಥ ಹಳೆಯ ರಿಕಾರ್ಡುಗಳಲ್ಲೇ ಉಳಿದಿದೆ. ಅದರ ಗೆರೆ ಸವೆದರೆ ಆ ದನಿಯೂ ಹೋಯಿತು.

ನನಗೆ ಈ ಹೆದರಿಕೆ ಅನುಭವದಿಂದ ಬಂದದ್ದು. ಕಾಲೇಜಿನ ದಿನಗಳಲ್ಲಿ ಭೀಮಸೇನ ಜೋಶಿಯವರ ಒಂದು ಎಲ್‌ಪಿ ಹಾರುತ್ತಿತ್ತು. ಮುಳ್ಳಿನ ತಲೆಯ ಮೇಲೆ ನಾಲ್ಕಾಣೆಯ ನಾಣ್ಯ ಇಟ್ಟೆ. ಹಾರುವುದು ನಿಂತಿತು, ನನ್ನ ಜಾಣತನಕ್ಕೆ ನಾನೇ ಬೀಗಿದೆ. ಕೆಲವು ತಿಂಗಳಲ್ಲಿ ತಾರಸಪ್ತಕದ ತಾನುಗಳೆಲ್ಲ ಒಡೆದ ದನಿಯಾದವು. ಅಪ್ಪ ಬೈಯಲಿಲ್ಲ. ಆ ರಿಕಾರ್ಡನ್ನು ಮತ್ತೆಂದೂ ಹಾಕಲಿಲ್ಲ, ಅಷ್ಟೆ.

ಆದ್ದರಿಂದ ಮಕ್ಕಳೇ, ಮೊದಲ ಪ್ರಶ್ನೆ ಬೆಲೆಯದಲ್ಲ, ಗೆರೆಯದು. ಎಲ್‌ಪಿಯ ಗೆರೆ ಬಲು ಸಣ್ಣದು. ಅದರ ದುಂಡು ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್. 78ರ ಗೆರೆ ಅಗಲ. ಅದಕ್ಕೆ ಸುಮಾರು 75 ಮೈಕ್ರಾನಿನ ಮುಳ್ಳು ಬೇಕು. ಎಲ್‌ಪಿ ಮುಳ್ಳನ್ನು 78ರ ಮೇಲಿಟ್ಟರೆ ಅದು ಗೆರೆಯ ತಳದ ಧೂಳಿನಲ್ಲಿ ಹೊರಳಾಡುತ್ತದೆ. 78ರ ಮುಳ್ಳನ್ನು ಎಲ್‌ಪಿಯ ಮೇಲಿಟ್ಟರೆ ಗೆರೆಯೇ ಹಾಳು.

ಎರಡನೆಯದು ತೋಳು ಮತ್ತು ಕಾರ್ಟ್ರಿಜ್‌ಗಳ ಜೋಡಿ. ಇಂಗ್ಲಿಷ್ ಬಿ.ಎ. ಓದಿದ್ದು ಇಲ್ಲಿ ಉಪಯೋಗಕ್ಕೆ ಬಂತು, ಕೈಪಿಡಿಗಳನ್ನೆಲ್ಲ ಓದಿ ಹೇಳಿದವಳು ನಾನೇ! ಕಾರ್ಟ್ರಿಜ್ಜಿನ ಮುಳ್ಳು ಒಂದು ಪುಟ್ಟ ಸ್ಪ್ರಿಂಗಿನಂತೆ ಬಾಗುತ್ತದೆ. ಆ ಮೃದುತನಕ್ಕೆ ಕಂಪ್ಲಯನ್ಸ್ ಎನ್ನುತ್ತಾರೆ. ತೀರ ಮೆತ್ತನೆಯ ಸ್ಪ್ರಿಂಗಿನ ಮೇಲೆ ಭಾರದ ತೋಳು ಕೂತರೆ ಖಂಡಾಳಾ ಘಾಟಿನ ಬಸ್ಸಿನಂತೆ ತೂಗಾಡುತ್ತದೆ.

ಲೆಕ್ಕ ಸುಲಭ. ತೋಳಿನ 'ಎಫೆಕ್ಟಿವ್ ಮಾಸ್', ಕಾರ್ಟ್ರಿಜ್ ಮತ್ತು ಸ್ಕ್ರೂಗಳ ತೂಕ, ಇವನ್ನು ಗ್ರಾಮಿನಲ್ಲಿ ಕೂಡಿಸಿ. ಕಂಪ್ಲಯನ್ಸಿನಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. 159ನ್ನು ಅದರಿಂದ ಭಾಗಿಸಿ. ಉತ್ತರ 8ರಿಂದ 12 ಹರ್ಟ್ಸ್ ಒಳಗಿದ್ದರೆ ಜೋಡಿ ಸರಿ. 12 ಗ್ರಾಂ ತೋಳು, 6 ಗ್ರಾಂ ಕಾರ್ಟ್ರಿಜ್, 1 ಗ್ರಾಂ ಸ್ಕ್ರೂ, ಕಂಪ್ಲಯನ್ಸ್ 14 ಎಂದರೆ ಸುಮಾರು 9.7 ಬರುತ್ತದೆ. ಅದೇ ತೋಳಿಗೆ ಅಷ್ಟೇ ತೂಕದ, ಆದರೆ 35 ಕಂಪ್ಲಯನ್ಸಿನ ಕಾರ್ಟ್ರಿಜ್ ಹಾಕಿದರೆ 6.2. ಆಗ ಸೊಟ್ಟಗಾದ ರಿಕಾರ್ಡು, ನಡೆದಾಡುವ ಹೆಜ್ಜೆ, ಎಲ್ಲಕ್ಕೂ ಮುಳ್ಳು ನಡುಗುತ್ತದೆ. ಒಂದು ಎಚ್ಚರಿಕೆ: ಅನೇಕ ಜಪಾನೀ ಕಂಪನಿಗಳು ಕಂಪ್ಲಯನ್ಸನ್ನು 100 ಹರ್ಟ್ಸ್‌ನಲ್ಲಿ ಅಳೆದು ಕೊಡುತ್ತವೆ. ಈ ಲೆಕ್ಕಕ್ಕೆ ಅದನ್ನು ಅಂದಾಜು ಒಂದೂವರೆಯಿಂದ ಎರಡು ಪಟ್ಟು ಮಾಡಿಕೊಳ್ಳಬೇಕು.

ಹುಡುಗನ ಕಣ್ಣಿದ್ದದ್ದು ತುಟ್ಟಿಯ ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಮೇಲೆ. ಅದರ ನಾದ ಸೂಕ್ಷ್ಮ, ನಿಜ. ಆದರೆ ಅಂಥವುಗಳಲ್ಲಿ ಬಹಳಷ್ಟು ಅರ್ಧ ಮಿಲಿವೋಲ್ಟಿಗಿಂತ ಕಡಿಮೆ ವಿದ್ಯುತ್ ಕೊಡುತ್ತವೆ. ಅದಕ್ಕೆ ತಕ್ಕ ಆಂಪ್ಲಿಫೈಯರೂ ಬೇಕು. ಮುಳ್ಳು ಸವೆದರೆ ಮನೆಯಲ್ಲಿ ಬದಲಿಸಲಾಗದು. ಮೂವಿಂಗ್ ಮ್ಯಾಗ್ನೆಟ್ ಜಾತಿಯಲ್ಲಿ ಸಾಮಾನ್ಯವಾಗಿ ಮುಳ್ಳನ್ನಷ್ಟೇ ಎಳೆದು ಬೇರೆಯದು ಸಿಗಿಸಬಹುದು. ಆಡಿಯೋ ಟೆಕ್ನಿಕಾದ ವಿಎಂ95 ಸರಣಿಯಲ್ಲಿ ಎಲ್‌ಪಿಗೆ 2 ಗ್ರಾಂ ಭಾರದಲ್ಲಿ ನಡೆಯುವ ಮುಳ್ಳೂ ಇದೆ, 78ಕ್ಕೆ 5 ಗ್ರಾಂ ಭಾರದಲ್ಲಿ ನಡೆಯುವ ಮುಳ್ಳೂ ಇದೆ.

ಕೊನೆಗೆ ಅವನು ಮಧ್ಯಮ ತೂಕದ, ತಲೆ ಬಿಚ್ಚಿ ಬದಲಿಸಬಹುದಾದ ತೋಳನ್ನು ಆರಿಸಿದ. ಯಂತ್ರದ ನಡುಗೂಟದಿಂದ ತೋಳು ಕೂರುವ ಜಾಗದ ಅಂತರವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದೇ ಕೊಂಡ. ಎರಡು ತಲೆ, ಎರಡು ಮುಳ್ಳು, ಒಂದು ಪುಟ್ಟ ತೂಕದ ಮಾಪಕ. ಉಳಿದ ಹಣ ಬ್ಯಾಂಕಿನಲ್ಲೇ ಇದೆ.

ನಮ್ಮ ಲೋಣಾವಳಾದ ತೇವಕ್ಕೆ ರಿಕಾರ್ಡುಗಳಿಗೆ ಬೂಸರು ಹಿಡಿದಿತ್ತು. ಎಲ್ಲವನ್ನೂ ಒರೆಸಿ, ಒಣಗಿಸಿ, ನೆಟ್ಟಗೆ ನಿಲ್ಲಿಸಿದೆವು. 78ರ ಹಳೆಯ ರಿಕಾರ್ಡು ಅರಗಿನದು. ಅದಕ್ಕೆ ಸ್ಪಿರಿಟ್ ತಾಗಿಸಬೇಡಿ, ಕರಗೀತು.

ದೀಪಾವಳಿಗೆ ಅವನು ಯಂತ್ರವನ್ನು ಇಲ್ಲಿಗೇ ತಂದ. ಐದು ಗ್ರಾಮಿನ ಮುಳ್ಳು ಗೆರೆಗಿಳಿಯಿತು. ಚರಚರ ಸದ್ದಿನ ಹಿಂದಿನಿಂದ ಆ ಎಳೆಯ ಕಂಠ ಎದ್ದಿತು. ಮೂರು ನಿಮಿಷ ಯಾರೂ ಮಾತಾಡಲಿಲ್ಲ. ಕಂಪ್ಯೂಟರಿಗೆ ಇಳಿಸಿಕೊಂಡು ರಿಕಾರ್ಡನ್ನು ಟ್ರಂಕಿಗೆ ಸೇರಿಸಿದೆವು.

ಮುಂದಿನ ರಜೆಗೆ ಊರಿಗೆ ಹೋದಾಗ ನೀವೂ ಅಟ್ಟ ಹತ್ತಿ ನೋಡಿ. ಏನಿದೆ ಎಂದು ತಿಳಿದ ಮೇಲೆ ಅಂಗಡಿಗೆ ಹೋಗಿ.